ಬಿಡಲೊಲ್ಲದ ಬ್ರೇಕು

ಆಗುಂಬೆ ಘಾಟಿ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬಂದರೆ ಯಾರೂ ಹೆದರುವುದಿಲ್ಲ. 14 ತಿರುವು ದಾಟಿ ಸೋಮೇಶ್ವರ ಮುಟ್ಟುವಷ್ಟರಲ್ಲಿ ಮುಂದಿನ ಗಾಡಿಯದೋ ಹಿಂದಿನದೋ ವಾಸನೆ ಮೂಗಿಗೆ ಬಡಿದೇ ಬಡಿಯುತ್ತದೆ. ಗೇರ್ ನಂಬಿ ಇಳಿಯಬೇಕಾದ ಜಾಗದಲ್ಲಿ ಪೆಡಲ್ ನಂಬಿ ಇಳಿಯುವವರು ಬಹಳ. ಆದರೆ ಕಳೆದ ಕಾರ್ತಿಕದ ಆ ಸಂಜೆ ನಾವು ಇಳಿಯುತ್ತಿರಲಿಲ್ಲ, ಏರುತ್ತಿದ್ದೆವು. ಉಡುಪಿಯ ಅಕ್ಕನ ಮನೆಯಲ್ಲಿ ಊಟ ಮುಗಿಸಿ ತೀರ್ಥಹಳ್ಳಿಗೆ ಹೊರಟಿದ್ದೆವು. ಮುಂದೆ ಯಾವ ಗಾಡಿಯೂ ಇರಲಿಲ್ಲ. ಎಂಟನೆಯದೋ ಒಂಬತ್ತನೆಯದೋ ತಿರುವಿನಲ್ಲಿ ನನ್ನಾಕೆ ಕಿಟಕಿಯ ಗಾಜು ಇಳಿಸಿ ಮೂಗು ಹೊರಗೆ ಹಾಕಿದಳು.

"ರೀ, ಎಂಥದೋ ಸುಟ್ಟ ವಾಸನೆ."

"ಯಾವುದೋ ಗಾಡಿ ಇಳಿದು ಹೋಗಿರಬೇಕು ಮಾರಾಯ್ತಿ."

"ಅಲ್ಲ. ಹೋದ ಗಾಡಿಯ ವಾಸನೆ ಆದರೆ ಹಿಂದೆ ಬೀಳಬೇಕಿತ್ತಲ್ಲ? ಇದು ನಮ್ಮ ಜೊತೆಗೇ ಬರ್ತಾ ಇದೆ."

ಅವಳು ಹೇಳಿದ್ದು ಸರಿ. ಏರುವ ಗಾಡಿಗೆ ಬ್ರೇಕಿನ ಕೆಲಸವೇ ಇಲ್ಲ. ಆಕ್ಸಿಲರೇಟರ್ ಮೇಲಿನ ಕಾಲು ಸಡಿಲ ಬಿಟ್ಟರೆ ಘಾಟಿಯೇ ವೇಗ ಇಳಿಸುತ್ತದೆ. ಹಾಗಿದ್ದೂ ಬ್ರೇಕ್ ಸುಡುತ್ತಿದೆ ಎಂದರೆ ನಾನು ಒತ್ತದೆಯೇ ಯಾವುದೋ ಒಂದು ಚಕ್ರ ಹಿಡಿದುಕೊಂಡಿದೆ ಎಂದೇ ಅರ್ಥ. ಕ್ಲಚ್ ಇರಬಹುದೇ ಎಂದೂ ಒಂದು ಕ್ಷಣ ಅನುಮಾನ ಬಂತು. ಏರಿನಲ್ಲಿ ಅರ್ಧ ಕ್ಲಚ್ ಒತ್ತಿ ಓಡಿಸಿದರೆ ಅದೂ ಸುಡುತ್ತದೆ, ವಾಸನೆಯೂ ಹೆಚ್ಚುಕಡಿಮೆ ಅದೇ, ಕರಟವನ್ನೂ ರಬ್ಬರನ್ನೂ ಒಟ್ಟಿಗೆ ಒಲೆಗೆ ಹಾಕಿದ ಹಾಗೆ. ಆದರೆ ಕ್ಲಚ್ ಜಾರಿದರೆ ಇಂಜಿನ್ನಿನ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಇಲ್ಲಿ ಸದ್ದಿಗೂ ವೇಗಕ್ಕೂ ತಾಳ ತಪ್ಪಿರಲಿಲ್ಲ. ಗಾಡಿ ಮಾತ್ರ ಭಾರವಾಗಿತ್ತು, ಯಾರೋ ಹಿಂದಿನಿಂದ ಸೆರಗು ಹಿಡಿದು ಜಗ್ಗುತ್ತಿರುವಂತೆ.

ಘಾಟಿಯ ನಡುವೆ ನಿಲ್ಲಿಸುವಂತಿಲ್ಲ. ಮೇಲೆ ಸೂರ್ಯಾಸ್ತ ನೋಡುವ ಜಾಗದವರೆಗೂ ಎರಡನೇ ಗೇರಿನಲ್ಲೇ ತಂದು, ಪೆಡಲ್ ಮುಟ್ಟದೆ ಏರಿನಲ್ಲೇ ಗಾಡಿ ನಿಲ್ಲುವ ಹಾಗೆ ಮಾಡಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟೆ. ಸೂರ್ಯ ಮುಳುಗಿ ಹೋಗಿದ್ದ. ಜನವೂ ಇಳಿದು ಹೋಗಿದ್ದರು, ಕಟ್ಟೆಯ ಮೇಲೆ ಎರಡು ಮಂಗ ಕೂತಿದ್ದವು. ಒಂದೊಂದೇ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಮಗುವಿನ ಜ್ವರ ನೋಡುವ ಹಾಗೆ ಕೈಯ ಹಿಂಬದಿಯನ್ನು ಹತ್ತಿರ ಒಯ್ದೆ. ಹಿಂದಿನವೆರಡೂ ತಣ್ಣಗಿದ್ದವು. ಮುಂದಿನ ಬಲಚಕ್ರ ಉಗುರುಬೆಚ್ಚಗಿತ್ತು. ಎಡಚಕ್ರದ ಹತ್ತಿರ ಹೋಗುವ ಮೊದಲೇ, ಒಂದು ಗೇಣು ದೂರದಲ್ಲೇ, ಬಚ್ಚಲೊಲೆಯ ಬಾಯಿಯ ಮುಂದೆ ಕೈ ಹಿಡಿದ ಹಾಗಾಯಿತು. ಚಕ್ರದ ಸಂದಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ನನ್ನಾಕೆ ನೀರಿನ ಬಾಟಲಿ ತೆಗೆದಳು. ನಾನು ಕೈ ಅಡ್ಡ ಹಿಡಿದೆ. ಕಾದ ಬೀಡು ಕಬ್ಬಿಣದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಕಾಯುವುದೇ ದಾರಿ. ಊರಿನ ಮೆಕ್ಯಾನಿಕ್ ಆಚಾರ್ರಿಗೆ ಫೋನ್ ಹಚ್ಚಿದೆ. ಅದೃಷ್ಟಕ್ಕೆ ಹತ್ತಿತು. ಅವರು ಕೇಳಿದ್ದು ಮೂರೇ ಪ್ರಶ್ನೆ. ಯಾವ ಚಕ್ರ? ಸ್ಟೀರಿಂಗ್ ಯಾವ ಕಡೆ ಎಳೀತದೆ? ಪೆಡಲ್ ಒತ್ತಿದರೆ ಮೊದಲಿನಷ್ಟೇ ಗಟ್ಟಿ ಇದೆಯಾ, ಮೆತ್ತಗಾಗಿದೆಯಾ?

"ಎಡಮುಂದಿನದು. ಎಡಕ್ಕೇ ಎಳೀತದೆ. ಪೆಡಲ್ ಗಟ್ಟಿ ಇದೆ."

"ಗಟ್ಟಿ ಇದ್ದರೆ ಆಯಿಲ್ ಕುದ್ದಿಲ್ಲ. ಒಂದು ತಾಸು ತಣ್ಣಗಾಗಲಿ ಮೇಷ್ಟ್ರೇ. ಆಮೇಲೆ ಬ್ರೇಕ್ ಒತ್ತದೆ ನಿಧಾನ ಬನ್ನಿ, ದಾರಿ ಮೇಲೆ ನಿಲ್ಲಿಸಿ ನಿಲ್ಲಿಸಿ ಕೈಯಿಟ್ಟು ನೋಡಿ. ಕೆಳಗೆ ಮಾತ್ರ ಇಳೀಬೇಡಿ."

ಆ ಕೊನೆಯ ಮಾತಿನ ತೂಕ ತಿಳಿಯಬೇಕಾದರೆ ಬ್ರೇಕ್ ಆಯಿಲ್ ಎಂಥದು ಎಂದು ಗೊತ್ತಿರಬೇಕು. ಆಯಿಲ್ ಎನ್ನುತ್ತೇವೆ, ಆದರೆ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ, ಗಾಳಿಯಿಂದ ತೇವ ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 3 ಎಂಬ ದರ್ಜೆಯದಕ್ಕೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಕಟ್ಟಳೆ, ನೂರಕ್ಕೆ 3.7 ಪಾಲು ನೀರು ಸೇರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230, ನೀರು ಸೇರಿದರೆ 155. ಉಪ್ಪಿನ ಭರಣಿಯ ಮುಚ್ಚಳ ತೆರೆದಿಟ್ಟರೆ ಆಷಾಢದಲ್ಲಿ ಉಪ್ಪು ನೀರಾಗುವ ಸೀಮೆ ನಮ್ಮದು. ಇಲ್ಲಿ ಆ ದ್ರವದ ಗತಿ ಏನಾಗಬೇಡ? ಕುದ್ದರೆ ಪೈಪಿನೊಳಗೆ ಆವಿ ತುಂಬುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ತಾನಾಗಿ ಹಿಡಿದುಕೊಂಡಿದ್ದ ಬ್ರೇಕು ಬೇಕಾದಾಗ ಹಿಡಿಯದೇ ಹೋಗುವ ಈ ಅನಾಹುತ ಇಳಿಜಾರಿನಲ್ಲಿ ಆದರೆ ಮುಂದಿನದು ಹೇಳುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಎಂದರೆ ಮುಖ ಸಿಂಡರಿಸುವವರನ್ನು ನೋಡಿದ್ದೇನೆ. ಅವರ ಕೈ ಹಿಡಿದು ಬೇಡಿಕೊಳ್ಳಬೇಕು ಅನ್ನಿಸುತ್ತದೆ ನನಗೆ.

ಆಗುಂಬೆಯಿಂದ ತೀರ್ಥಹಳ್ಳಿಗೆ 30 ಕಿಲೋಮೀಟರಿಗೂ ಮಿಕ್ಕಿದ ದಾರಿ. ಮಂಜು ಬಿದ್ದಿತ್ತು. ಮೂರು ಕಡೆ ನಿಲ್ಲಿಸಿದೆ. ಮೂರು ಕಡೆಯೂ ಚಕ್ರ ಬೆಚ್ಚಗಿತ್ತೇ ಹೊರತು ಕಾದಿರಲಿಲ್ಲ. ಮನೆ ಮುಟ್ಟಿದಾಗ ಅಂಗಳದಲ್ಲಿ ಗಾಡಿಯನ್ನು ನ್ಯೂಟ್ರಲಿನಲ್ಲಿಟ್ಟು ಒಂದು ಕೈಯಲ್ಲಿ ನೂಕಿದರೆ ಉರುಳಿತು. ಏನೂ ಆಗಿಯೇ ಇಲ್ಲವೆಂಬ ಹಾಗೆ.

ಈ "ಏನೂ ಆಗಿಯೇ ಇಲ್ಲ" ಎಂಬುದೇ ಎಂಟು ತಿಂಗಳಿಂದ ನನ್ನನ್ನು ಕಾಡಿದ್ದು. ಲೀಟರಿಗೆ 17 ಕೊಡುತ್ತಿದ್ದ ಗಾಡಿ 14ಕ್ಕೆ ಇಳಿದಿತ್ತು. ಎಡಮುಂದಿನ ಚಕ್ರದ ಮೇಲೆ ಮಾತ್ರ ಕಾಡಿಗೆಯಂಥ ಪುಡಿ ಕೂರುತ್ತಿತ್ತು. ಒರೆಸಿದ ವಾರಕ್ಕೆ ಮತ್ತೆ ಕಪ್ಪು. ಸ್ಟೀರಿಂಗ್ ಬಿಟ್ಟರೆ ಗಾಡಿ ಎಡಕ್ಕೆ ವಾಲುತ್ತಿತ್ತು, ಆದರೆ ನಮ್ಮ ರಸ್ತೆಗಳಲ್ಲಿ ಮಳೆನೀರು ಹರಿಯಲೆಂದು ನಡುವೆ ಉಬ್ಬು ಅಂಚಿಗೆ ಇಳಿಜಾರು ಇರುತ್ತದಲ್ಲ, ಎಡಕ್ಕೆ ಓಡಿಸುವ ನಮಗೆ ಎಡಕ್ಕೆ ವಾಲುವುದು ಸಹಜವೆಂದೇ ಕಾಣುತ್ತದೆ. ಹಿಡಿದದ್ದು ಬಲಚಕ್ರವಾಗಿದ್ದರೆ ಮೊದಲ ವಾರದಲ್ಲೇ ಸಿಕ್ಕಿಬೀಳುತ್ತಿತ್ತು. ಪೇಟೆಯ ಒಂದು ಗ್ಯಾರೇಜಿಗೆ ಒಯ್ದಿದ್ದೆ. ಬೆಳಿಗ್ಗೆ ಬಿಟ್ಟ ಗಾಡಿಯನ್ನು ಅವರು ಮಧ್ಯಾಹ್ನ ನೋಡಿದರು. ಅಷ್ಟರಲ್ಲಿ ಚಕ್ರ ಸರಾಗ ತಿರುಗುತ್ತಿತ್ತು. ಆದರೂ ಹೊಸ ಡಿಸ್ಕ್ ಪ್ಯಾಡ್ ಹಾಕಿದರು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿಗೆ ಕಿಟ್ ಹಾಕಿದರು, ಬಿಲ್ ಕೊಟ್ಟರು. ಒಂದು ತಿಂಗಳು ಸುಮ್ಮನಿತ್ತು. ಆಮೇಲೆ ಮತ್ತೆ ಅದೇ ಕಪ್ಪು ಪುಡಿ.

ಮರುದಿನ ಬೆಳಿಗ್ಗೆ ಆಚಾರ್ರ ಗ್ಯಾರೇಜಿಗೆ ಹೋದೆ. ಗ್ಯಾರೇಜು ಎಂದರೆ ಹೆಂಚಿನ ಮಾಡು, ಮಣ್ಣಿನ ನೆಲ, ಒಂದು ಹಲಸಿನ ಮರ. ಅವರ ತಂದೆ ಇದೇ ಜಾಗದಲ್ಲಿ ಕುಲುಮೆ ಇಟ್ಟುಕೊಂಡು ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುತ್ತಿದ್ದರು. ಬ್ರೇಕಿಗೆ ಆಗಿನವರು ಬಿರಿ ಎನ್ನುತ್ತಿದ್ದರು. ಇಳುಕಲಿನಲ್ಲಿ ಮರದ ತುಂಡು ಚಕ್ರಕ್ಕೆ ಉಜ್ಜುವ ಹಾಗೆ ಹಗ್ಗ ಬಿಗಿಯುವುದು, ಮಟ್ಟಸದ ದಾರಿ ಬಂದಾಗ ಸಡಿಲಿಸುವುದು. ಸಡಿಲಿಸಲು ಮರೆತರೆ ಎತ್ತುಗಳೇ ಹೇಳುತ್ತಿದ್ದವಂತೆ, ನಿಂತುಬಿಡುತ್ತಿದ್ದವು.

ಆಚಾರ್ರು ಚಕ್ರ ಬಿಚ್ಚುವ ಮೊದಲು ಅದರ ಸಂದಿನಿಂದ ಡಿಸ್ಕನ್ನು ಟಾರ್ಚ್ ಹಾಕಿ ನೋಡಿದರು. "ಮೇಷ್ಟ್ರೇ, ಇಲ್ಲಿ ನೋಡಿ. ನೀಲಿ."

ಬಗ್ಗಿ ನೋಡಿದೆ. ಬೆಳ್ಳಗೆ ಹೊಳೆಯಬೇಕಾದ ಲೋಹದ ಅಂಚಿನಲ್ಲಿ ನವಿಲಿನ ಕತ್ತಿನ ಹಾಗೆ ಒಂದು ನೀಲಿ ಛಾಯೆ ಹರಡಿತ್ತು.

"ಅಪ್ಪ ಉಳಿಗೆ ಹದ ಕೊಡುವಾಗ ಬಣ್ಣ ನೋಡ್ತಿದ್ದರು. ಮೊದಲು ಒಣಹುಲ್ಲಿನ ಬಣ್ಣ ಬರ್ತದೆ, ಆಮೇಲೆ ಕಂದು, ಆಮೇಲೆ ನೇರಳೆ, ಕಡೆಗೆ ನೀಲಿ. ಹುಲ್ಲಿನ ಬಣ್ಣಕ್ಕೆ ನೀರಿಗೆ ಅದ್ದಿದರೆ ಉಳಿ ಗಟ್ಟಿ. ನೀಲಿಗೆ ಬಿಟ್ಟರೆ ಸ್ಪ್ರಿಂಗಿನ ಹದ."

ಹುಲ್ಲಿನ ಬಣ್ಣವೆಂದರೆ 220 ಡಿಗ್ರಿಯ ಆಚೀಚೆ, ನೀಲಿಯೆಂದರೆ 300ರ ಸುತ್ತಮುತ್ತ. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ ತಲೆಮಾರುಗಳು ಕಣ್ಣಿನಲ್ಲೇ ಅಳೆದ ಶಾಖ ಅದು. ಹಿಂದಿನ ಸಂಜೆ ನನ್ನ ಹೆಂಡತಿ ಕೂತ ಜಾಗದಿಂದ ಮೂರು ಅಡಿ ಮುಂದೆ ಕಬ್ಬಿಣ ಅಷ್ಟು ಕಾದಿತ್ತು. ಅದಕ್ಕೆ ಅಂಟಿಕೊಂಡೇ ಇದ್ದ ಪಿಸ್ಟನ್ನಿನ ಹಿಂದೆ 140ಕ್ಕೋ 150ಕ್ಕೋ ಕುದಿಯಬಹುದಾದ ದ್ರವವಿತ್ತು. ಅಲ್ಲೇ ಇದ್ದ ಹಳೇ ಟೈರಿನ ಮೇಲೆ ನಾನು ಕೂತುಬಿಟ್ಟೆ.

"ಈಗ ಬಿಚ್ಚಿದರೆ ಏನೂ ಕಾಣುವುದಿಲ್ಲ," ಅಂದರು ಆಚಾರ್ರು. "ತಣ್ಣಗಿರುವಾಗ ಇದು ಸಾಧು. ಮೊದಲು ರೋಗ ಬರಲಿ." ತಾವೇ ಗಾಡಿ ಹತ್ತಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟರು. ಬಯಲಿನ ರಸ್ತೆಯಲ್ಲಿ ಇಪ್ಪತ್ತು ಸಲ ಬ್ರೇಕ್ ಒತ್ತಿದರು, ಬಿಟ್ಟರು. ಹದಿನೈದು ನಿಮಿಷಕ್ಕೆ ವಾಸನೆ ಬಂತು. ಗಾಡಿ ಭಾರವಾಯಿತು. ಅವರ ಮುಖ ಅರಳಿತು. ತಿರುಗಿ ಗ್ಯಾರೇಜಿಗೆ ತಂದವರೇ, ತಣ್ಣಗಾಗಲು ಒಂದು ನಿಮಿಷವೂ ಬಿಡದೆ ಕೆಲಸದ ಹುಡುಗನ ಕೈಯಲ್ಲಿ ಜಾಕಿ ಕೊಡಿಸಿ ಎಡಗಡೆ ಎತ್ತಿಸಿದರು. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು, ಕೆಳಗೆ ಸ್ಟ್ಯಾಂಡು. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಅವರು ಕೈಯನ್ನೂ ತೂರುವುದಿಲ್ಲ. ಅದನ್ನು ನೋಡಿ ನನಗೆ ಅವರ ಮೇಲಿದ್ದ ಗೌರವ ಇನ್ನಷ್ಟು ಹೆಚ್ಚಿತು.

ಎತ್ತಿದ ಚಕ್ರವನ್ನು ದಪ್ಪ ಗೋಣಿಚೀಲ ಸುತ್ತಿದ ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರು. ಅಲ್ಲಾಡಲಿಲ್ಲ. ಬಲಗಡೆಯದನ್ನೂ ಎತ್ತಿ ತಿರುಗಿಸಿ ತೋರಿಸಿದರು: ಸರ್ ಸರ್ ಎಂದು ಸದ್ದು ಮಾಡುತ್ತ ಒಂದು ಸುತ್ತು ಬಂತು. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡು ಡಿಸ್ಕಿಗೆ ಮುತ್ತಿಕ್ಕಿಕೊಂಡೇ ಇರುತ್ತದೆ, ಅಷ್ಟು ಸದ್ದು ಸಹಜ. ಅದನ್ನೇ ರೋಗವೆಂದು ತಿಳಿದು ಹಣ ಕಳೆದುಕೊಳ್ಳುವವರೂ ಇದ್ದಾರೆ.

ಆಮೇಲೆ ಅವರು ಮಾಡಿದ ಎರಡು ಕೆಲಸ ಐದು ನಿಮಿಷದ್ದು. ನಾನು ಅವನ್ನು ಮರೆಯಲಾರೆ. ಯಾಕೆಂದು ತಿಳಿಯಲು ಮೊದಲು ನನ್ನ ಪಾಠದ ಕಥೆ ಹೇಳಬೇಕು.

ಪಿ.ಯು. ಕಾಲೇಜಿನಲ್ಲಿ 30 ವರ್ಷ ಭೌತಶಾಸ್ತ್ರ ಕಲಿಸಿದವನು ನಾನು. ಪ್ರತಿ ವರ್ಷ ಪಾಸ್ಕಲ್‌ನ ನಿಯಮ ಬರುತ್ತಿತ್ತು. 17ನೇ ಶತಮಾನದ ಆ ಫ್ರೆಂಚ್ ಮೇಧಾವಿ ಕಂಡದ್ದು ಇಷ್ಟು: ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆ. ಬೋರ್ಡಿನ ಮೇಲೆ ಒಂದು ಸಣ್ಣ ಸಿಲಿಂಡರು, ಒಂದು ದೊಡ್ಡ ಸಿಲಿಂಡರು, ನಡುವೆ ಪೈಪು ಬರೆದು, ಕಾಲಿನಿಂದ ಚಕ್ರದ ಕಡೆಗೆ ಬಾಣದ ಗುರುತು ಹಾಕುತ್ತಿದ್ದೆ. ಸಣ್ಣ ಪಿಸ್ಟನ್ನಿನ ಮೇಲೆ ಕೊಟ್ಟ ಬಲ ದೊಡ್ಡ ಪಿಸ್ಟನ್ನಿನಲ್ಲಿ ಹೇಗೆ ಹೆಚ್ಚುತ್ತದೆ ಎಂದು ಲೆಕ್ಕ ಮಾಡಿಸುತ್ತಿದ್ದೆ. ಪುಸ್ತಕದ ಚಿತ್ರದಲ್ಲೂ ಬಾಣ ಆ ಕಡೆಗೇ. ಕಾಲು ತೆಗೆದ ಮೇಲೆ ದ್ರವ ವಾಪಸು ಬರಬೇಕಲ್ಲ, ಅದನ್ನು ಕರೆತರುವವರು ಯಾರು? ಆ ಬಾಣವನ್ನು ಯಾವ ಪುಸ್ತಕವೂ ಬರೆದದ್ದು ನಾನು ನೋಡಿಲ್ಲ.

ಇದನ್ನು ಕೇಳಿದಾಗ ಆಚಾರ್ರು ನನ್ನ ಮುಂದೋಳಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಮುಂದಕ್ಕೆ ಒತ್ತಿದರು. ಬೆರಳು ಜಾರಲಿಲ್ಲ, ಚರ್ಮವೇ ಬೆರಳಿನ ಜೊತೆ ಅಷ್ಟು ದೂರ ಹೋಯಿತು. ಒತ್ತುವುದನ್ನು ಬಿಟ್ಟರು. ಚರ್ಮ ತನ್ನ ಜಾಗಕ್ಕೆ ಹಿಂದೆ ಬಂತು, ಬೆರಳನ್ನೂ ಕರೆದುಕೊಂಡು. "ಇಷ್ಟೇ," ಅಂದರು. ಡಬ್ಬದಿಂದ ಒಂದು ಹಳೆಯ ರಬ್ಬರ್ ಉಂಗುರ ತೆಗೆದು ಕೊಟ್ಟರು. ಬಳೆಗಿಂತ ಸಣ್ಣದು, ಕಡಿದು ನೋಡಿದರೆ ದುಂಡಗಲ್ಲ, ಚೌಕ. ಕ್ಯಾಲಿಪರಿನ ಒಳಗೋಡೆಯ ತೋಡಿನಲ್ಲಿ ಕೂತು ಪಿಸ್ಟನ್ನನ್ನು ಸುತ್ತಲೂ ತಬ್ಬಿಕೊಂಡಿರುತ್ತದೆ. ಪಿಸ್ಟನ್ ಮುಂದೆ ಹೋದಾಗ ಉಂಗುರ ಚರ್ಮದ ಹಾಗೆ ತಿರುಚಿಕೊಳ್ಳುತ್ತದೆ. ಒತ್ತಡ ಹೋದ ಕೂಡಲೇ ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಹಿಂದಿನ ಚಕ್ರದ ಡ್ರಮ್ಮಿನಲ್ಲಾದರೆ ಬ್ರೇಕ್ ಶೂಗಳನ್ನು ಹಿಂದಕ್ಕೆಳೆಯಲು ಗಟ್ಟಿ ಸ್ಪ್ರಿಂಗುಗಳಿವೆ. ಮುಂದೆ ಈ ಉಂಗುರದ್ದೇ ಭರವಸೆ. ಹಿಡಿಯುವಾಗ ನನ್ನ ಕಾಲಿನ ಬಲ, ಅದನ್ನು ಹೆಚ್ಚಿಸುವ ಬೂಸ್ಟರು, ಪೈಪಿನೊಳಗೆ ವಾತಾವರಣದ ಹತ್ತಾರು ಪಟ್ಟು ಒತ್ತಡ. ಬಿಡುವಾಗ ಒಂದು ರಬ್ಬರ್ ಚೂರಿನ ತಿರುಚು.

ಹಾಗಾಗಿ ಬಿಡದ ಬ್ರೇಕಿಗೆ ಎರಡೇ ಬಗೆಯ ಕಾರಣ. ಒಂದು, ದ್ರವ ವಾಪಸು ಹೋಗಿದೆ, ಆದರೆ ಪಿಸ್ಟನ್ನೋ ಕ್ಯಾಲಿಪರು ಜಾರುವ ಪಿನ್ನೋ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಇಲ್ಲವೇ, ದ್ರವವೇ ವಾಪಸು ಹೋಗಿಲ್ಲ, ಒತ್ತಡ ಒಳಗೆ ಸಿಕ್ಕಿಕೊಂಡಿದೆ. ಎರಡರಲ್ಲೂ ಚಕ್ರ ಒಂದೇ ರೀತಿ ಬಿಗಿಯುತ್ತದೆ, ಒಂದೇ ರೀತಿ ಸುಡುತ್ತದೆ, ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ಆಚಾರ್ರು ಮೊದಲು ಮೇಲೆ ಕೈ ಹಾಕಿದರು. ಇಂಜಿನ್ನಿನ ಕಡೆಯಿಂದ ಬರುವ ಕಬ್ಬಿಣದ ಪೈಪು ಚಕ್ರದ ಗೂಡಿನಲ್ಲಿ ರಬ್ಬರ್ ಹೋಸ್ ಪೈಪಿಗೆ ಸೇರುವ ಜಾಗ ಒಂದಿದೆ. ಚಕ್ರ ಎಡಬಲ ತಿರುಗಬೇಕು, ಗುಂಡಿಯಲ್ಲಿ ಏರಿಳಿಯಬೇಕು, ಅದಕ್ಕೆಂದೇ ಕೊನೆಯ ಒಂದೂವರೆ ಅಡಿ ರಬ್ಬರಿನದು. ಆ ಸಂದಿನ ನಟ್ಟನ್ನು ಕಾಲು ಸುತ್ತು ಸಡಿಲಿಸಿದರು. ಹನಿ ಹನಿ ಆಯಿಲ್ ಜಿನುಗಿತು. "ತಿರುಗಿಸು ತಮ್ಮಾ." ಹುಡುಗ ಚಕ್ರ ತಿರುಗಿಸಿ ನೋಡಿದ. ಊಹೂಂ. ನಟ್ಟನ್ನು ಬಿಗಿದರು. ಆಮೇಲೆ ಕೆಳಗೆ ಬಂದರು. ಕ್ಯಾಲಿಪರಿನ ಬೆನ್ನ ಮೇಲೆ ಗಾಳಿ ತೆಗೆಯುವ ನಿಪ್ಪಲ್ ಇರುತ್ತದೆ. ಅದರ ರಬ್ಬರ್ ಟೋಪಿ ತೆಗೆದು, ಸಣ್ಣ ರಿಂಗ್ ಸ್ಪ್ಯಾನರ್ ಕೂರಿಸಿ, ತುಕ್ಕು ಹಿಡಿದದ್ದು ಮುರಿಯದ ಹಾಗೆ ಹಿಂದೆ ಮುಂದೆ ಆಡಿಸಿ ಆಡಿಸಿ ಸಡಿಲಿಸಿದರು. ಚುರ್ ಎಂದು ಕಾಫಿ ಕಷಾಯದ ಬಣ್ಣದ ಆಯಿಲ್ ಚಿಮ್ಮಿತು. ಹುಡುಗನ ಕೈಯಲ್ಲಿದ್ದ ಚಕ್ರ, ಅವನು ಅದನ್ನು ಒತ್ತಿ ಹಿಡಿದಿದ್ದನಲ್ಲ, ತಟ್ಟನೆ ಅರ್ಧ ಸುತ್ತು ತಿರುಗಿತು.

ಯಾರೂ ಮಾತಾಡಲಿಲ್ಲ. ಚಕ್ರ ಸರ್ ಸರ್ ಎನ್ನುತ್ತ ನಿಂತಿತು.

ನಾನೇ ಬಾಯಿಬಿಟ್ಟು ಲೆಕ್ಕ ಒಪ್ಪಿಸಿದೆ, ನನ್ನ ವಿದ್ಯಾರ್ಥಿಗಳು ಒಪ್ಪಿಸುತ್ತಿದ್ದ ಹಾಗೆ. ಮೇಲಿನ ಸಂದು ಬಿಚ್ಚಿದಾಗ ಬಿಡಲಿಲ್ಲ, ಅಂದರೆ ಅಲ್ಲಿ ಒತ್ತಡವಿರಲಿಲ್ಲ. ಪೆಡಲಿನ ಬಲವನ್ನು ದ್ರವಕ್ಕೆ ಕೊಡುವ ಮಾಸ್ಟರ್ ಸಿಲಿಂಡರ್ ನಿರ್ದೋಷಿ. ಕೆಳಗೆ ಬಿಚ್ಚಿದ ಕೂಡಲೇ ಬಿಟ್ಟಿತು, ಅಂದರೆ ಒತ್ತಡ ಅಲ್ಲಿತ್ತು; ಪಿಸ್ಟನ್ನೂ ಪಿನ್ನೂ ಕಚ್ಚಿಕೊಂಡಿಲ್ಲ. ಮೇಲಿಲ್ಲ, ಕೆಳಗಿದೆ. ನಡುವೆ ಇರುವುದು ಹೋಸ್ ಪೈಪ್ ಒಂದೇ.

"ಅಷ್ಟೇ ಮೇಷ್ಟ್ರೇ."

ಪೇಟೆಯ ಗ್ಯಾರೇಜಿನವರು ಹಾಕಿದ ಪ್ಯಾಡಿನಲ್ಲಿ ತಪ್ಪಿರಲಿಲ್ಲ, ಕಿಟ್ಟಿನಲ್ಲೂ ಇರಲಿಲ್ಲ. ಆಚಾರ್ರು ಎಲ್ಲವನ್ನೂ ಬಿಚ್ಚಿ ನೋಡಿದರು. ಒಳಪ್ಯಾಡು ಹೊರಪ್ಯಾಡು ಎರಡೂ ಒಂದೇ ಸಮ ಸವೆದಿದ್ದವು. ಪಿನ್ ಕಚ್ಚಿಕೊಂಡಿದ್ದರೆ ಒಂದು ತೆಳ್ಳಗಾಗಿ ಇನ್ನೊಂದು ದಪ್ಪ ಉಳಿಯುತ್ತಿತ್ತು. ಕ್ಯಾಲಿಪರ್ ಕೈಯಲ್ಲೇ ಹಿಂದೆ ಮುಂದೆ ಜಾರಿತು. ಆದರೆ ಒಳ್ಳೆಯ ಸಾಮಾನನ್ನು ತೆಗೆದು ಒಳ್ಳೆಯ ಸಾಮಾನನ್ನೇ ಹಾಕಿದರೆ ರೋಗ ಇದ್ದಲ್ಲೇ ಇರುತ್ತದೆ. ಅವರಿಗೂ ಈ ನಿಪ್ಪಲ್ ಗೊತ್ತಿತ್ತು, ಸ್ಪ್ಯಾನರ್ ಇತ್ತು. ಗಾಡಿ ಬಿಸಿಯಿರುವಾಗ ಒಂದು ಸಲ ಕೇಳಿ ನೋಡುವ ವ್ಯವಧಾನ ಇರಲಿಲ್ಲ. ಅವರಿಗೆ ಗಂಟೆಯ ಲೆಕ್ಕದ ಒತ್ತಡ ಇದ್ದಿರಬಹುದು. ಆದರೂ ಆಗುಂಬೆ ಘಾಟಿಯ ಆ ಹೊಗೆಯನ್ನು ನೆನೆದರೆ ನನಗೆ ಈಗಲೂ ನೋವಾಗುತ್ತದೆ.

ಹೋಸ್ ಪೈಪ್ ಬಿಚ್ಚಿ ಕೈಗೆ ಕೊಟ್ಟರು. ಹೊರಗೆ ಒಂದು ಬಿರುಕಿಲ್ಲ, ಉಬ್ಬಿಲ್ಲ. ಒಂದು ತುದಿಯಿಂದ ಆಕಾಶ ನೋಡಲು ಹೋದೆ. ಒಳಗಿನ ತೂತು ಸೂಜಿಯಷ್ಟು, ಬೆಳಕು ಕಾಣಲಿಲ್ಲ. ಪೈಪಿನ ನಡುವೆ ಅದನ್ನು ಗಾಡಿಯ ಮೈಗೆ ಕಟ್ಟಲು ಒಂದು ಕಬ್ಬಿಣದ ಪಟ್ಟಿ ಇತ್ತು, ಬೆರಳಿಗೆ ಉಂಗುರವಿದ್ದ ಹಾಗೆ. ಆಚಾರ್ರು ಅದನ್ನು ಗರಗಸದಿಂದ ಕುಯ್ದರು. ಪಟ್ಟಿಯ ಒಳಮೈಯಿಂದ ತುಕ್ಕು ಹಪ್ಪಳದ ಚೂರಿನ ಹಾಗೆ ಪದರ ಪದರವಾಗಿ ಉದುರಿತು.

ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಒಂದು ಪಾಲು ಕಬ್ಬಿಣ ತುಕ್ಕಾದರೆ ಎರಡು ಪಾಲಿಗೂ ಮಿಕ್ಕಿ ಉಬ್ಬುತ್ತದೆ. ಕರಾವಳಿಯ ಮನೆಗಳ ತಾರಸಿಯಲ್ಲಿ ಒಳಗಿನ ಸರಳು ತುಕ್ಕು ಹಿಡಿದು ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಒಡೆಯುವುದು ಇದರಿಂದಲೇ. ಪಟ್ಟಿಯ ತುಕ್ಕಿಗೆ ಹೊರಗೆ ಉಬ್ಬಲು ದಾರಿಯಿರಲಿಲ್ಲ. ಒಳಕ್ಕೆ ಉಬ್ಬಿತು, ವರ್ಷ ವರ್ಷ ಒಂದಿಷ್ಟು, ಪೈಪಿನ ಕುತ್ತಿಗೆ ಹಿಸುಕುತ್ತ. 15 ಮಳೆಗಾಲ ಕಂಡ ಗಾಡಿ ಅದು, ತಿಂಗಳಿಗೊಮ್ಮೆ ಉಡುಪಿಯ ಉಪ್ಪುಗಾಳಿಗೆ ಹೋಗಿ ಬರುವಂಥದು. ನಾನು ಒತ್ತಿದಾಗ ನನ್ನ ಕಾಲಿನ ಬಲ ಆ ಸೂಜಿತೂತಿನಲ್ಲೂ ದ್ರವವನ್ನು ತೂರಿಸುತ್ತಿತ್ತು. ಅದನ್ನು ಹಿಂದೆ ತರಲು ಆ ರಬ್ಬರ್ ಉಂಗುರದ ತಿರುಚು ಸಾಲುತ್ತಿರಲಿಲ್ಲ. ತಾಸು ಕಾದರೆ ಮೆಲ್ಲಗೆ ಜಿನುಗಿ ಹಿಂದೆ ಬರುತ್ತಿತ್ತು. ಅಂಗಳದಲ್ಲಿ ಒಂದೇ ಕೈಗೆ ಗಾಡಿ ಉರುಳಿದ್ದು, ಪೇಟೆಯ ಗ್ಯಾರೇಜಿನಲ್ಲಿ ಮಧ್ಯಾಹ್ನಕ್ಕೆ ಚಕ್ರ ಸರಾಗ ತಿರುಗಿದ್ದು, ಎಲ್ಲದಕ್ಕೂ ಉತ್ತರ ನನ್ನ ಅಂಗೈಯಲ್ಲಿತ್ತು.

ಪೈಪ್ ಒಳಗಿನಿಂದ ತಾನಾಗಿ ಊದಿದ್ದರೆ ಇನ್ನೊಂದು ಭಯವಿತ್ತು ಎಂದರು ಆಚಾರ್ರು. ಬ್ರೇಕಿನ ರಬ್ಬರಿಗೆ ಇಂಜಿನ್ ಆಯಿಲ್, ಸೀಮೆಎಣ್ಣೆ, ಮಾಮೂಲಿ ಗ್ರೀಸ್, ಇವೆಲ್ಲ ವಿಷ. ಯಾರೋ ಅವಸರದಲ್ಲಿ ಬ್ರೇಕ್ ಆಯಿಲ್ ಡಬ್ಬಕ್ಕೆ ಬೇರೆ ಎಣ್ಣೆ ಸುರಿದರೆ ಒಂದು ರಬ್ಬರ್ ಅಲ್ಲ, ಮಾಸ್ಟರ್ ಸಿಲಿಂಡರಿನಿಂದ ಹಿಂದಿನ ಚಕ್ರದವರೆಗೆ ಪ್ರತಿಯೊಂದೂ ಉಬ್ಬುತ್ತದೆ, ಎಲ್ಲವನ್ನೂ ಬದಲಿಸಬೇಕು. ಅದಕ್ಕೇ ಅವರು ಆಯಿಲ್ ಡಬ್ಬದ ಮುಚ್ಚಳದ ಒಳಗಿನ ರಬ್ಬರನ್ನು ತೆಗೆದು ನೋಡಿದರು. ಅದು ತನ್ನ ಅಳತೆಗೆ ಸರಿಯಾಗಿ ಕೂತಿತ್ತು. ಆ ಬೆಳಿಗ್ಗೆಯಲ್ಲಿ ನನಗೆ ಮೊದಲ ಸಲ ನಿರಾಳವೆನಿಸಿದ್ದು ಆಗ.

ಕೆಲವೇ ನೂರು ರೂಪಾಯಿಯ ಪೈಪು. ಎಡದ್ದು ಹೋಗಿದೆ ಎಂದರೆ ಬಲದ್ದೂ ಅಷ್ಟೇ ಮಳೆ ಕಂಡಿದೆ, ಎರಡನ್ನೂ ಬದಲಿಸೋಣ ಎಂದರು, ಒಪ್ಪಿದೆ. ತಾಮ್ರದ ವಾಷರುಗಳನ್ನು ಹೊಸದೇ ಹಾಕಿದರು. ನೀಲಿಗಟ್ಟಿದ ಡಿಸ್ಕನ್ನು ಅಳೆದು ನೋಡಿ ಅದನ್ನೂ, ಸುಟ್ಟು ಗಾಜಿನ ಹಾಗೆ ನುಣುಪಾಗಿದ್ದ ಪ್ಯಾಡುಗಳನ್ನೂ ಎರಡೂ ಕಡೆ ತೆಗೆಸಿದರು. ಹುಡುಗ ಕಂಪ್ರೆಸರಿನ ಗಾಳಿ ಹಿಡಿದು ಕಪ್ಪು ಪುಡಿಯನ್ನು ಊದಲು ಹೋದ. ಆಚಾರ್ರು ಪೈಪ್ ಕಸಿದುಕೊಂಡು ಒದ್ದೆ ಬಟ್ಟೆ ಕೊಟ್ಟರು. ಹಿಂದೆ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಆ ಧೂಳು ಪುಪ್ಪುಸಕ್ಕೆ ಇಳಿದರೆ ಹೊರಗೆ ಬರುವುದಿಲ್ಲ; ಯಾವ ಪ್ಯಾಡಿನ ಧೂಳೂ ಒಳ್ಳೆಯದಲ್ಲ. ಹದಿನೆಂಟರ ಹುಡುಗ. ಅವನಿಗೆ ಮುಂದೆ ನಲವತ್ತು ವರ್ಷ ಈ ಕೆಲಸ ಇದೆ. ಎಲ್ಲ ಗ್ಯಾರೇಜುಗಳಲ್ಲೂ ಯಾರಾದರೊಬ್ಬರು ಹೀಗೆ ಪೈಪ್ ಕಸಿದುಕೊಳ್ಳುವವರು ಇರಲಿ.

ಗಾಳಿ ತೆಗೆಯುವ ಕೆಲಸಕ್ಕೆ ಹುಡುಗ ಡ್ರೈವರ್ ಸೀಟಿನಲ್ಲಿ ಕೂತ. ನಿಪ್ಪಲಿಗೆ ಕಾಣುವಂಥ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯ ಆಯಿಲಿನಲ್ಲಿ ಮುಳುಗಿಸಿ, ಆಚಾರ್ರು ಚಕ್ರದ ಪಕ್ಕ ಮಂಡಿಯೂರಿದರು. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ದನಿಯಲ್ಲೇ ಎಲ್ಲ.

"ಒತ್ತು... ಒತ್ತು... ಒತ್ತು. ಹಿಡ್ಕೋ."

"ಹಿಡ್ಕೊಂಡೆ."

ನಿಪ್ಪಲ್ ಸಡಿಲಾಗುತ್ತದೆ, ನಳಿಗೆಯಲ್ಲಿ ಗುಳ್ಳೆಗಳು ಓಡುತ್ತವೆ, ನಿಪ್ಪಲ್ ಬಿಗಿಯುತ್ತದೆ.

"ಬಿಡು."

"ಬಿಟ್ಟೆ."

ನಿಪ್ಪಲ್ ಬಿಗಿಯುವ ಮೊದಲೇ ಕಾಲು ಬಿಟ್ಟರೆ ಬಂದ ದಾರಿಯಲ್ಲೇ ಗಾಳಿ ಒಳಗೆ ಹೋಗುತ್ತದೆ. ನಾಲ್ಕೂ ಚಕ್ರಕ್ಕೆ ಇದೇ ಮಂತ್ರ. ನಾನು ಡಬ್ಬದಲ್ಲಿ ಹೊಸ ಆಯಿಲ್ ಕಡಿಮೆಯಾಗದ ಹಾಗೆ ಸುರಿಯುತ್ತ ನಿಂತಿದ್ದೆ. ಕಷಾಯದ ಬಣ್ಣ ಹೋಗಿ ಜೇನಿನ ಬಣ್ಣ, ಆಮೇಲೆ ತಿಳಿ ಹಳದಿ. ಹಲಸಿನ ಎಲೆಯೊಂದು ಬಾನೆಟ್ಟಿನ ಮೇಲೆ ಬಿತ್ತು. "ಹಿಡ್ಕೋ." "ಹಿಡ್ಕೊಂಡೆ." "ಬಿಡು." "ಬಿಟ್ಟೆ." ಆ ಹುಡುಗನಿಗೆ ಅವತ್ತು ಕೈಗೆ ಒಂದಿಷ್ಟು ದುಡ್ಡು ಕೊಟ್ಟೆ, ಅವನು ಆಚಾರ್ರ ಮುಖ ನೋಡಿಯೇ ತೆಗೆದುಕೊಂಡದ್ದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ ಮಳೆಗಾಲವಿಡೀ ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುವವರು ಹ್ಯಾಂಡ್ ಬ್ರೇಕ್ ಎಳೆದು ಹೋಗಬೇಡಿ. ಡ್ರಮ್ಮಿನೊಳಗೆ ಶೂ ಒತ್ತಿಕೊಂಡೇ ಇರುತ್ತದೆ, ತೇವಕ್ಕೆ ತುಕ್ಕು ಎರಡನ್ನೂ ಬೆಸೆಯುತ್ತದೆ, ಕೇಬಲ್ ಒಳಗೇ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಡಿ, ಚಕ್ರಕ್ಕೆ ಕಲ್ಲು ಕೊಡಿ, ವಾರಕ್ಕೊಮ್ಮೆ ಹತ್ತು ಮಾರು ಹಿಂದೆ ಮುಂದೆ ಮಾಡಿ. ನನ್ನ ಭಾವನ ಗಾಡಿ ಶ್ರಾವಣದಲ್ಲಿ ತೆಗೆದಾಗ ಹಿಂದಿನ ಚಕ್ರ ಉರುಳದೆ ಕೆಸರಿನಲ್ಲಿ ಎಳೆದುಕೊಂಡು ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮಾಘದಲ್ಲಿ ಅಕ್ಕನ ಮೊಮ್ಮಗನ ಉಪನಯನಕ್ಕೆ ಮತ್ತೆ ಉಡುಪಿಗೆ ಹೊರಟೆವು. ಈ ಸಲ ಇಳಿಯುವ ಸರದಿ. 14 ತಿರುವನ್ನೂ ಎರಡನೇ ಗೇರಿನಲ್ಲಿ, ಕೆಲವನ್ನು ಮೊದಲನೆಯದರಲ್ಲಿ ಇಳಿಸಿದೆ. ಸೋಮೇಶ್ವರದಲ್ಲಿ ಮರದ ನೆರಳು ನೋಡಿ ನಿಲ್ಲಿಸಿದೆ. ನಾನು ಇಳಿಯುವ ಮೊದಲೇ ನನ್ನಾಕೆ ಇಳಿದಿದ್ದಳು. ಸೀರೆಯ ನೆರಿಗೆ ಎತ್ತಿ ಹಿಡಿದು ಎಡಮುಂದಿನ ಚಕ್ರದ ಮುಂದೆ ಬಗ್ಗಿ ಕೈಯ ಹಿಂಬದಿ ಒಯ್ದಳು. ಸುತ್ತು ಹಾಕಿ ಬಲಚಕ್ರದ ಹತ್ತಿರ ಹೋದಳು. ಇನ್ನೊಮ್ಮೆ ಎಡಕ್ಕೆ ಬಂದಳು.

"ಎರಡೂ ಒಂದೇ ಬಿಸಿ ಇದೆ ರೀ," ಅಂದಳು, ಬಂದು ಕೂತಳು.